ಎರಡು ವೀಸಾ, ಒಬ್ಬ ಯಜಮಾನ

“ಎರಡರಲ್ಲಿ ಯಾವುದು ಬೇಗ ಸಿಗುತ್ತೆ?” ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಯಜಮಾನ ಕೇಳಿದ.

ವೀಸಾ ಏಜೆಂಟ್ ಎರಡು ದೇಶಗಳ ಕಾಗದಗಳನ್ನು ಮೇಜಿನ ಮೇಲೆ ಹರವಿದ. ಮೊದಲನೆಯ ದೇಶದಲ್ಲಿ ಹಣ ಹೂಡಿದರೆ ಆರೋಗ್ಯ ತಪಾಸಣೆಯ ಗೋಜಿಲ್ಲ, ಆದರೆ ವರ್ಷ ಕಾಯಬೇಕು. ಎರಡನೆಯದರ ವೀಸಾ ತಿಂಗಳೊಳಗೆ ಕೈಗೆ ಬರುತ್ತದೆ. ಆದರೆ ಎದೆಯ ಎಕ್ಸ್‌ರೇಯಲ್ಲಿ ಒಂದು ಚುಕ್ಕೆಯೂ ಕಾಣಬಾರದು.

ವರ್ಷವಂತೆ! ಅಷ್ಟು ಪುರುಸೊತ್ತು ಯಾರಿಗಿತ್ತು? ಯಜಮಾನನ ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿದ್ದು ಇಬ್ಬರು ಕೆಲಸಗಾರರು ಸತ್ತಿದ್ದರು. ಸರಕು ಕದಿಯುತ್ತಾರೆಂಬ ಗುಮಾನಿಗೆ ಹಿಂಬಾಗಿಲಿಗೆ ಬೀಗ ಜಡಿಸಿದ್ದವನು ಅವನೇ. ಕಾಗದದಲ್ಲಿ ಮಾತ್ರ ಕಾರ್ಖಾನೆಯ ಜವಾಬ್ದಾರಿ ಮ್ಯಾನೇಜರನದು, ಅಂದರೆ ಅವನ ತಮ್ಮನದು. ಇಬ್ಬರೂ ಅವಳಿ. ಹೆತ್ತ ತಾಯಿಯೇ ಎಷ್ಟೋ ಸಲ ತಬ್ಬಿಬ್ಬಾಗುತ್ತಿದ್ದಳು. ತನಿಖೆ ಮುಗಿಯುವಷ್ಟರಲ್ಲಿ ತಾನು ಹಾರಿಹೋಗಬೇಕು, ಸಿಕ್ಕಿಬೀಳುವವನು ತಮ್ಮನಾಗಬೇಕು, ಇದು ಯಜಮಾನನ ಹಂಚಿಕೆ.

ತೊಡಕು ಒಂದೇ. ಚಿಕ್ಕಂದಿನ ಕಾಯಿಲೆಯೊಂದು ಅವನ ಶ್ವಾಸಕೋಶದಲ್ಲಿ ಕಲೆ ಉಳಿಸಿಹೋಗಿತ್ತು.

“ತಪಾಸಣೆಗೆ ಎಷ್ಟು ಸಲ ಹೋಗ್ಬೇಕು?”

“ಒಂದೇ ಸಲ ಸಾರ್. ಎಕ್ಸ್‌ರೇ, ಫೋಟೊ, ಬೆರಳಚ್ಚು, ಎಲ್ಲ ಅಲ್ಲೇ ಮುಗಿಸಿಬಿಡ್ತಾರೆ. ನಿಮ್ಮನ್ನ ಮತ್ತೆ ಅಲೆಸಲ್ಲ.”

ಯಜಮಾನನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲೇ ಎರಡನೆಯದನ್ನು ಆರಿಸಿದ.

ತಮ್ಮ ಎಂದೂ ಎದುರಾಡಿದವನಲ್ಲ. ಬೆಂಕಿ ಬಿದ್ದ ಮೇಲಂತೂ ಅವನ ಬಾಯಿಂದ ಮಾತು ಹೊರಡುವುದೇ ಅಪರೂಪವಾಗಿತ್ತು. ಅಣ್ಣ ತನ್ನ ಪಾಸ್‌ಪೋರ್ಟನ್ನು ಅವನ ಕೈಗಿಟ್ಟು, ನನ್ನ ಹೆಸರು ಹೇಳಿ ತಪಾಸಣೆ ಮಾಡಿಸಿಕೊಂಡು ಬಾ ಎಂದಾಗ ಮಾತ್ರ ಕೇಳಿದ.

“ನೀನು ಹೋದ್ಮೇಲೆ ನನ್ನ ಗತಿ?”

“ನಿನ್ನನ್ನೂ ಕರೆಸ್ಕೊಳ್ತೀನಿ ಕಣೋ. ನಾನೇನು ಹೊರಗಿನವನಾ?”

“ಆ ಬೀಗ ಹಾಕಿಸಿದ್ದು ಯಾರು ಅಂತ ಕೇಳಿದ್ರೆ?”

“ಗೊತ್ತಿಲ್ಲ ಅನ್ನು.”

ತಮ್ಮ ಅಣ್ಣನ ಮುಖವನ್ನೇ ನೋಡಿದ.

“ಸರಿ ಬಿಡಣ್ಣ. ನಿನ್ನ ಹೆಸರು ಹೇಳಿದ್ರಾಯ್ತು.”

ತಪಾಸಣೆ ಸಲೀಸಾಗಿ ಮುಗಿಯಿತು. ಎದೆ ಶುದ್ಧವಾಗಿದೆಯೆಂದು ವರದಿಯೂ ಬಂತು. ಮುದ್ರೆ ಒತ್ತಲು ಪಾಸ್‌ಪೋರ್ಟನ್ನು ಅಲ್ಲೇ ಇಟ್ಟುಕೊಂಡಿದ್ದಾರೆ, ಬಂದಾಗ ತರುತ್ತೇನೆ ಎಂದ ತಮ್ಮ. ಯಜಮಾನ ಕಾರ್ಖಾನೆಯ ವಿಮೆಯ ಹಣವನ್ನೆಲ್ಲ ತನ್ನ ಹೆಸರಿನಲ್ಲೇ ಆ ದೇಶದ ಬ್ಯಾಂಕಿಗೆ ಸಾಗಿಸಿದ. ಹೆಂಡತಿ ಎಂದೋ ಬಿಟ್ಟುಹೋಗಿದ್ದಳು. ಹಿಂದೆ ತಿರುಗಿ ನೋಡಬೇಕಾದವರು ಯಾರೂ ಇರಲಿಲ್ಲ.

“ಬಂತೇನೋ?” ಎಂದು ದಿನಾ ಕೇಳುವನು. ಇನ್ನೂ ಇಲ್ಲ ಎನ್ನುವನು ತಮ್ಮ.

ಒಂದು ಬೆಳಗ್ಗೆ ತಮ್ಮನ ಕೋಣೆ ಖಾಲಿಯಿತ್ತು. ಹಾಸಿಗೆಯ ಮೇಲೆ ಯಾರೂ ಮಲಗಿದಂತಿರಲಿಲ್ಲ. ಹೆದರಿ ಓಡಿಹೋದನೇ? ಯಜಮಾನ ಕೂಗಿ ಕರೆಯುವಷ್ಟರಲ್ಲಿ ಬಾಗಿಲು ಬಡಿದರು. ಪೊಲೀಸರು. ಬಂಧನದ ಆದೇಶ ತಂದಿದ್ದರು, ತಮ್ಮನ ಹೆಸರಿಗೆ.

ಯಜಮಾನನ ಎದೆ ಹಗುರಾಯಿತು. ಮುಖಕ್ಕೆ ದುಃಖ ತಂದುಕೊಂಡು, ಅವನು ಮನೆಯಲ್ಲಿಲ್ಲ, ಬಂದರೆ ತಾನೇ ಹಿಡಿದುಕೊಡುತ್ತೇನೆ ಎಂದ. ಅಧಿಕಾರಿ ಅವನ ಕೈ ಹಿಡಿದು ಬೇಡಿ ತೊಡಿಸಿದ.

“ನಾನು ಅವನಲ್ಲ. ಅವನ ಅಣ್ಣ.”

“ನಿಮ್ಮಣ್ಣ ರಾತ್ರಿನೇ ದೇಶ ಬಿಟ್ರಲ್ಲ,” ಎಂದ ಅಧಿಕಾರಿ. “ಏರ್‌ಪೋರ್ಟಲ್ಲಿ ಬೆರಳು ಒತ್ತಿಸಿ, ವೀಸಾದ ಬೆರಳಚ್ಚಿಗೆ ತಾಳೆ ನೋಡಿ, ಅವರೇ ಅಂತ ಖಾತ್ರಿ ಮಾಡ್ಕೊಂಡೇ ಕಳಿಸಿದ್ದಾರೆ.”