ಫೋಲ್ಡರಿನ ಯಜಮಾನ

“ಇದೊಂದು ಮಾತ್ರ ಬಾಗ್ಲು ತೆಗೀತಿಲ್ಲ ಮೇಡಂ,” ಎಂದ ಕಂಪ್ಯೂಟರ್ ರಿಪೇರಿಯ ಧರ್ಮೇಶ್.

ಪರದೆಯ ಮೇಲೆ ಅದೇ ಮಾತು ಮತ್ತೆ ಮೂಡಿತ್ತು: ಆಕ್ಸೆಸ್ ಈಸ್ ಡಿನೈಡ್. ಹಳೇ ಕಂಪ್ಯೂಟರಿನ ಡಿಸ್ಕಿನಿಂದ ಉಳಿದ ಫೋಟೋಗಳೆಲ್ಲ ತಕರಾರಿಲ್ಲದೆ ಹೊಸದಕ್ಕೆ ಬಂದಿದ್ದವು. ಬರಲೊಲ್ಲದೆ ಕೂತದ್ದು ‘ಹುಲಿಕೆರೆ’ ಎಂಬ ಫೋಲ್ಡರು.

ಸಿರಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಕೆಟ್ಟುಹೋಗಿದೆಯಾ?”

“ಇಲ್ಲ. ಬೇಕಂತಲೇ ಪ್ರೈವೇಟ್ ಮಾಡಿಟ್ಟವ್ರೆ. ನಿಮ್ಮ ತಂದೆಯವ್ರನ್ನ ಬಿಟ್ಟು ಇನ್ಯಾರೂ ನೋಡಂಗಿಲ್ಲ.”

ಆ ತಂದೆ, ಅರಸೀಕೆರೆಯ ಕೊಬ್ಬರಿ ವರ್ತಕ ಚನ್ನಬಸವಯ್ಯ, ತೀರಿಕೊಂಡು ವಾರ ಕಳೆದಿತ್ತು. ಹಳೇ ಕಂಪ್ಯೂಟರೂ ಅವರ ಹಿಂದೆಯೇ ಪ್ರಾಣ ಬಿಟ್ಟಿತ್ತು. ನಾಳೆ ಶಿವಗಣಾರಾಧನೆ. ಬಂದವರಿಗೆ ಅಪ್ಪನ ಫೋಟೋಗಳನ್ನು ಗೋಡೆಯ ಮೇಲೆ ತೋರಿಸಿ, ನಾಲ್ಕು ಮಾತಾಡಬೇಕಾದವಳು ಒಬ್ಬಳೇ ಮಗಳು ಸಿರಿ. ಬೇಲೂರಿನ ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ಮಾತಿಗೇನೂ ಬರವಿರಲಿಲ್ಲ.

“ಹುಲಿಕೆರೆಯಲ್ಲಿ ಅಪ್ಪನಿಗೆ ಯಾರಿದ್ದಾರೆ?” ಎಂದಳು. ಕೇಳಿದ್ದು ತನ್ನನ್ನೇ.

ಕಾಯಿ ವ್ಯಾಪಾರ ಎಂದು ಅಪ್ಪ ಹಳೇಬೀಡು, ಹುಲಿಕೆರೆ ಕಡೆ ಹೋಗುತ್ತಲೇ ಇದ್ದರು. ಹೋದವರು ಕೆಲವೊಮ್ಮೆ ರಾತ್ರಿ ಉಳಿದೂ ಬರುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತೆ? ಅನುಮಾನಕ್ಕೆ ಜಗುಲಿ ತೋರಿಸಿದರೆ ಸಾಕು, ನಡುಮನೆಗೆ ಬಂದು ಚಾಪೆ ಹಾಸಿಕೊಳ್ಳುತ್ತದೆ.

ಅಮ್ಮ ರುದ್ರಮ್ಮ ಬಾಗಿಲಿಗೆ ಒರಗಿ ಕೂತಿದ್ದರು. ಹಣೆಯಲ್ಲಿ ಬರೀ ವಿಭೂತಿ. ಹೆಣ ಎತ್ತಿದ ದಿನವೂ ಅವರು ಅತ್ತಿರಲಿಲ್ಲ. ಕೊಟ್ಟದ್ದನ್ನು ಉಂಡರು, ಮಲಗು ಅಂದಾಗ ಮಲಗಿದರು. ನೆಂಟರು ಅದನ್ನು ಆಘಾತ ಎಂದರು. ಸಿರಿಗೆ ಈಗ ಬೇರೆ ಕಾರಣ ಹೊಳೆಯಿತು. ಅಮ್ಮನಿಗೆ ಮೊದಲೇ ಗೊತ್ತಿತ್ತು, ಅತ್ತು ಮುಗಿಸಿ ಯಾವ ಕಾಲವಾಯಿತೋ.

“ಅಮ್ಮಾ, ನಿಜ ಹೇಳು. ಅಪ್ಪನಿಗೆ ಬೇರೆ ಯಾರಾದ್ರೂ ಇದ್ರಾ?”

“ಚನ್ನಬಸವಯ್ಯ ಅಂಥೋರಲ್ಲ ಕಣೇ.”

ಧರ್ಮೇಶನ ಕೈ ಮೌಸಿನ ಮೇಲೆ ನಿಂತಿತು. ಅವನ ತಾಯಿ ದ್ಯಾವಮ್ಮ ರೇಷನ್ ಅಂಗಡಿಯಲ್ಲೂ ಗಂಡನ ಹೆಸರನ್ನು ಪಕ್ಕದವರ ಬಾಯಿಂದಲೇ ಹೇಳಿಸುವವಳು.

ಸಿರಿ ಅದನ್ನು ಗಮನಿಸಿದಳು. “ನಮ್ಮಮ್ಮ ಮದುವೆಯಾದಾಗಿನಿಂದ ಹೀಗೇ. ‘ನನ್ ಹೆಂಡ್ತಿ ಮುಂದುವರಿದೋಳು ಕಣ್ರೀ’ ಅಂತ ಅಪ್ಪ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ರು.” ಇಷ್ಟು ಹೆಮ್ಮೆಪಟ್ಟವರು ಹೀಗೇಕೆ ಮಾಡಿದರು?

“ಮುಚ್ಚಿಟ್ಟಿದ್ದು ಮುಚ್ಚಿದಂಗೇ ಇರ್ಲಿ ಬಿಡು,” ಎಂದರು ರುದ್ರಮ್ಮ.

“ನಾಳೆ ಅಷ್ಟು ಜನರ ಮುಂದೆ ನಮ್ಮಪ್ಪ ಅಪ್ಪಟ ಚಿನ್ನ ಅನ್ಬೇಕಮ್ಮ ನಾನು. ಸುಳ್ಳಾದ್ರೆ ನನ್ನ ನಾಲಿಗೆ ಏಳಲ್ಲ. ತೆಗೀರಿ ಧರ್ಮೇಶ್.”

ಧರ್ಮೇಶ್ ರುದ್ರಮ್ಮನ ಮುಖ ನೋಡಿದ. ಅಲ್ಲಿ ಬೇಡವೂ ಇರಲಿಲ್ಲ, ಬೇಕೂ ಇರಲಿಲ್ಲ.

“ಹಳೇ ಯಜಮಾನ್ರು ಯಾರು ಅಂತ ಹೊಸ ಕಂಪ್ಯೂಟರ್‌ಗೆ ಗೊತ್ತಾಗಲ್ಲ ಅಮ್ಮ,” ಎಂದು ಅವರಿಗೂ ತಿಳಿಯುವಂತೆ ಹೇಳಿದ. “ಹೆಸರಿರೋ ಜಾಗದಲ್ಲಿ ಬರೀ ನಂಬರ್ ತೋರಿಸ್ತೈತೆ. ಫೋಲ್ಡರಿನ ಯಜಮಾನ್ರನ್ನೇ ಬದಲಾಯಿಸ್ಬೇಕು.”

“ಯಜಮಾನ್ರನ್ನ ಹಂಗೆಲ್ಲ ಬದಲಾಯಿಸಕ್ಕೆ ಬತ್ತದಾ?”

“ಕಂಪ್ಯೂಟರಲ್ಲಿ ಬತ್ತೈತೆ.”

ಅವನು ಯಂತ್ರವನ್ನು ಆರಿಸಿ ಸೇಫ್ ಮೋಡಿನಲ್ಲಿ ಎಬ್ಬಿಸಿದ. ಫೋಲ್ಡರಿನ ಸೆಕ್ಯೂರಿಟಿ ಪಟ್ಟಿಗೆ ಹೋಗಿ, ಓನರ್ ಎಂಬಲ್ಲಿದ್ದ ಅನಾಮಧೇಯ ಸಂಖ್ಯೆಯನ್ನು ತೆಗೆದು ಸಿರಿಯ ಹೆಸರು ಕೂರಿಸಿದ. ಒಳಗಿರುವುದಕ್ಕೂ ಇದೇ ಅನ್ವಯ ಎಂದು ಗುರುತು ಹಾಕಿದ. ಪೂರ್ತಿ ಅನುಮತಿ ಕೊಟ್ಟ. ಮತ್ತೆ ಎಂದಿನಂತೆ ಯಂತ್ರ ಶುರು ಮಾಡಿದ. ಸಿರಿ ಉಗುರು ಕಚ್ಚುತ್ತಿದ್ದಳು.

ಫೋಲ್ಡರು ತೆರೆಯಿತು. ಒಳಗಿದ್ದದ್ದು ಒಂದೇ ಫೋಟೋ, ಹಳೇ ಕಪ್ಪು ಬಿಳುಪಿನದು. ಹುಲಿಕೆರೆಯ ಕೊಳದ ಮೆಟ್ಟಿಲು, ಮೆಟ್ಟಿಲ ಮೇಲೆ ಒಂದಷ್ಟು ಹುಡುಗ ಹುಡುಗಿಯರು. ನಡುವೆ ಎರಡು ಜಡೆಯ ತೆಳ್ಳನೆಯ ಹುಡುಗಿ, ಬಾಯಿ ತುಂಬ ನಗುತ್ತಿದ್ದಳು.

“ಅಮ್ಮಾ, ಇದು ನೀನು!”

ಸಿರಿ ಕಣ್ಣೊರೆಸಿಕೊಂಡು ನಕ್ಕಳು. ಅಮ್ಮನ ತವರು ಹಳೇಬೀಡು, ಹುಲಿಕೆರೆ ಅಲ್ಲಿಗೆ ಕೂಗಳತೆ ದೂರ. ಇಷ್ಟು ತನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಸತ್ತ ಮನುಷ್ಯನ ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದೆನಲ್ಲ ಎಂದು ಸಂಕಟವೂ ಆಯಿತು.

“ನೋಡಿ ಧರ್ಮೇಶ್, ಹೆಂಡ್ತಿ ಫೋಟೋ ಇನ್ಯಾರೂ ನೋಡ್ಬಾರ್ದು ಅಂತ ಬೀಗ ಹಾಕಿದ್ರು ನಮ್ಮಪ್ಪ. ನಾಳೆ ಇದನ್ನೇ ಮೊದಲು ತೋರಿಸ್ತೀನಿ.”

ಧರ್ಮೇಶನಿಗೂ ನಿರಾಳವಾಯಿತು. ಅವನು ಹಾಕಿದ್ದ ಹೊಸ ಫೋಟೋ ಸಾಫ್ಟ್‌ವೇರ್ ಮುಖಗಳನ್ನು ತಾನೇ ಗುರುತಿಸಿ, ಒಂದೊಂದರ ಸುತ್ತ ಚೌಕ ಎಳೆದು, ಇವರು ಯಾರು ಎಂದು ಕೇಳುತ್ತಿತ್ತು. ಸಿರಿ ಅಮ್ಮನನ್ನು ಕೈ ಹಿಡಿದು ಕರೆತಂದು ಪರದೆಯ ಮುಂದೆ ಕೂರಿಸಿದಳು.

“ಇವಳು?”

“ಬಸಮ್ಮ.”

“ಈ ಕನ್ನಡಕದೋರು?”

“ಗಂಗಯ್ಯ ಮೇಷ್ಟ್ರು. ಪಕ್ಕದಲ್ಲಿರೋದು ಅವರ ತಮ್ಮ ಮರಿಯಣ್ಣ.”

ಎಷ್ಟೋ ವರ್ಷದ ಹೆಸರುಗಳು ಒಂದೂ ತಡವರಿಸದೆ ಬಂದವು. ಅಮ್ಮನ ನೆನಪಿನ ಶಕ್ತಿಗೆ ಬೆರಗಾಗುತ್ತಾ ಸಿರಿ ಟೈಪು ಮಾಡಿದಳು. ಕೊನೆಗೊಂದು ಮುಖ ಉಳಿಯಿತು. ಅಮ್ಮನಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದ ಹುಡುಗ. ಅವನು ಕ್ಯಾಮರಾ ನೋಡುತ್ತಿರಲಿಲ್ಲ.

“ಇವರ ಹೆಸರೇನಮ್ಮ?”

ರುದ್ರಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡು ಮುಖ ತಗ್ಗಿಸಿದರು. “ಅವರ ಹೆಸರು ನಾನು ಹೇಳಬಾರ್ದು ಕಣೇ.”