ತಿಮ್ಮೇಶಿಯ ಪಾಟೀಸವಾಲು

ಪುರಸಭೆಯ ಪಂಪ್‌ಹೌಸಿನಲ್ಲಿ ಕೆಲಸದ ಹೊತ್ತಿಗೆ ತಿಮ್ಮೇಶಿ ನಿದ್ದೆಹೋದ, ಟ್ಯಾಂಕು ತುಂಬಿ ಹರಿದು ಪಕ್ಕದ ಅಂಗನವಾಡಿಗೆ ನೀರು ನುಗ್ಗಿತು ಎಂಬುದು ಆರೋಪ. ಸಾಬೀತಾದರೆ ಅವನ ನೌಕರಿ ಹೋಗುತ್ತಿತ್ತು. ಸಾಕ್ಷಿ ಹೇಳಬೇಕಾದವನು ಜೊತೆಯ ಕೆಲಸಗಾರ ಮರುಳಪ್ಪ.

ವಿಚಾರಣೆಯ ದಿನ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳಲು ಮರುಳಪ್ಪನಿಗೆ ಕೈ ಏಳಲಿಲ್ಲ. ಹೆಂಡತಿ ಆಸ್ಪತ್ರೆಯಲ್ಲಿದ್ದ ಮೂರು ದಿನ ಅವನ ಪಾಳಿಯನ್ನೂ ತಿಮ್ಮೇಶಿಯೇ ಮಾಡಿದ್ದ. ಹಾಜರಿ ಪುಸ್ತಕದಲ್ಲಿ ಮಾತ್ರ ಮರುಳಪ್ಪನ ಸಹಿಯಿತ್ತು. ಮೂರನೆಯ ದಿನ ಮಧ್ಯಾಹ್ನ ಅವನು ಬಂದಾಗ ತಿಮ್ಮೇಶಿ ಗೋಡೆಗೊರಗಿ ನಿದ್ದೆಹೋಗಿದ್ದ.

"ಇವನು ಮಲಗಿದ್ದನ್ನು ನೋಡಿದಿರೇನ್ರೀ?" ಎಂದರು ವಿಚಾರಣಾಧಿಕಾರಿ.

"ನೋಡಿದೆ ಸ್ವಾಮಿ."

"ಯಾಕೆ ಮಲಗಿದ್ದ?"

"ನನಗೇನು ಗೊತ್ತು ಸ್ವಾಮಿ?"

ತಿಮ್ಮೇಶಿ ತಲೆಯೆತ್ತಿ ಅವನನ್ನೇ ನೋಡಿದ.

ಅಧಿಕಾರಿ ತಿಮ್ಮೇಶಿಯತ್ತ ತಿರುಗಿದರು. "ಸಾಕ್ಷಿಗೆ ನೀನೇನಾದರೂ ಕೇಳೋದಿದೆಯೇನಯ್ಯಾ?"

"ಒಂದಿದೆ ಸಾರ್."

ಆ ಮೂರು ದಿನ ನೀನೆಲ್ಲಿದ್ದೆ ಎಂದು ಕೇಳಿದರೆ ಮರುಳಪ್ಪನ ನೌಕರಿಯೂ ಮುಗಿಯಿತು. ಶಿವನೇ, ಅದೊಂದನ್ನು ಕೇಳದಿರಲಿ ಎಂದು ಬೇಡಿಕೊಂಡ. ಬೇಡಿಕೊಂಡದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಅಣ್ಣಾ, ಅತ್ತಿಗೆ ಈಗ ಅನ್ನ ಉಣ್ತಾರಾ? ಇನ್ನೂ ಗಂಜೀನೇನಾ?"

ಅಧಿಕಾರಿ ರೇಗಿದರು. "ಕ್ಷೇಮಸಮಾಚಾರ ಕೇಳೋಕೆ ಇದೇನು ನಿಮ್ಮನೆ ಜಗಲಿಯೇನಯ್ಯಾ?" ಎಂದು ಗದರಿ ಮರುಳಪ್ಪನನ್ನು ಕೇಳಿದರು: "ಏನ್ರೀ, ನಿಮ್ಮ ಹೆಂಡತಿಯ ಊಟಕ್ಕೂ ಈ ಕೇಸಿಗೂ ಏನಾದರೂ ಸಂಬಂಧ ಇದೆಯೇ?"

"ಏನೂ ಇಲ್ಲ ಸ್ವಾಮಿ," ಎಂದ ಮರುಳಪ್ಪ.