ಗಿಡುಗದ ಪಾಲು

ಮಕ್ಕಳೇ, ನಿನ್ನೆ ಈ ಅರಬ್ ನಾಡಿನ ಹಾಯಿಲ್ ಪೇಟೆಯಲ್ಲಿ ಗಿಡುಗದ ಕಣ್ಣು ಮುಚ್ಚುವ ತೊಗಲಿನ ಟೋಪಿಯ ವಾಸನೆ ಬಂದಾಗ ನಾನೇಕೆ ನಿಮ್ಮ ಕೈ ಬಿಗಿಹಿಡಿದೆ ಗೊತ್ತೆ?

ನನ್ನ ಬಾಪ, ಅಂದರೆ ನಿಮ್ಮ ಅಜ್ಜ, ಇಲ್ಲೇ ಬೇಟೆಗಾರ ಮುದುಕನೊಬ್ಬನ ಡ್ರೈವರ್ ಆಗಿದ್ದರು. ನಾನು ಚಿಕ್ಕವಳಿದ್ದಾಗ ಅವರಿಬ್ಬರೊಡನೆ ಬೇಟೆಗೆ ಹೋದ ಒಂದು ಮಧ್ಯಾಹ್ನ ಧೂಳೆದ್ದು ನಾನು ದಾರಿ ತಪ್ಪಿದೆ. ಮುಳ್ಳುಪೊದೆಯ ಬುಡದಲ್ಲಿ ಮುದುಡಿ ಕುಳಿತೆ. ಧೂಳು ಇಳಿದಾಗ ನೆತ್ತಿಯ ಮೇಲೆ ಮುದುಕನ ಗಿಡುಗ ಸುತ್ತುತ್ತಿತ್ತು. ಅದನ್ನೇ ನೋಡಿಕೊಂಡು ಬಂದ ಅವನ ಬೇಟೆನಾಯಿ ನನ್ನ ಫ್ರಾಕಿನ ಅಂಚು ಕಚ್ಚಿ, ಸದ್ದಿಲ್ಲದೆ ನಿಂತಿತು. ಮೊಲಗಳನ್ನೂ ಅದು ಹಾಗೆಯೇ ಹಿಡಿದು ನಿಲ್ಲುತ್ತಿತ್ತು.

"ಬಿಡಿಸಿ ಮಾರಾಯ್ರೆ!" ಬಾಪ ಗಾಬರಿಯಲ್ಲಿ ನಮ್ಮ ಮಾತಿನಲ್ಲೇ ಕೂಗುತ್ತ ಓಡಿಬಂದರು.

ಮುದುಕ ಅವರನ್ನು ತಡೆದ. "ಹುಡುಕಿದ್ದು ಹಕ್ಕಿ. ಮೊದಲು ಅದರ ಪಾಲು."

ಗಿಡುಗವನ್ನು ಕೈಮೇಲೆ ಇಳಿಸಿಕೊಂಡು ಮಾಂಸದ ತುಂಡು ಕೊಟ್ಟ. ಆಮೇಲೆಯೇ ನಾಯಿ ಬಾಯಿ ಸಡಿಲಿಸಿತು.

"ಕೊಡದಿದ್ದರೆ ಎಂತ ಆಗ್ತಿತ್ತು?" ಬಾಪ ಕೇಳಿದರು.

ಮುದುಕ ಗಿಡುಗಕ್ಕೆ ಟೋಪಿ ತೊಡಿಸಿದ. ಕಣ್ಣು ಮುಚ್ಚಿದ ಮೇಲೂ ಅದರ ಮುಖ ನನ್ನ ಕಡೆಗೇ ತಿರುಗುತ್ತಿತ್ತು.